ಎರಡನೆಯ ಚಿತ್ರದಲ್ಲಿ ನೆರಳಿಲ್ಲ

3 ಜುಲೈ 1996

ಅಕ್ಕನಿಗೆ ಬಲ್ಬಿನ ನಮಸ್ಕಾರ.

ಬೈಕೊಂಡೇ ಲಕೋಟೆ ಒಡೆದಿರ್ತೀಯ, ಗೊತ್ತು. ಅಪ್ಪ ಹೋಗಿ ವರ್ಷ ತುಂಬೋದ್ರೊಳಗೆ ಫೋಟೋ ಸ್ಟುಡಿಯೋನ ನಿನ್ನ ತಲೆಗೆ ಕಟ್ಟಿ ಓಡಿಹೋದ, ಮೂರು ತಿಂಗಳಿಂದ ಒಂದು ಕಾಗದ ಇಲ್ಲ ಅಂತ. ಒಪ್ಪಿದೆ. ಆದರೆ ಕೆಲಸ ಸಿಕ್ಕಿದೆ ಅಕ್ಕಾ, ಅದೂ ಎಂಥ ಕೆಲಸ!

ಕಬ್ಬಿಣದ ಅಂಗಡಿಯ ಮಹಡಿ ಮೇಲೆ ಒಂದು ಕೋಣೆ, ಆರು ಜನ. ಕಂಪ್ಯೂಟರನ್ನ ಟೆಲಿಫೋನ್ ತಂತಿಗೆ ಸಿಕ್ಕಿಸ್ತೀವಿ. ಇಲ್ಲಿ ಇಟ್ಟ ಪುಟ ಸಾವಿರ ಮೈಲಿ ಆಚೆ ತೆರ್ಕೊಳುತ್ತೆ. ಇಂಟರ್ನೆಟ್ ಅಂತಾರೆ. ಉಳಿದ ಐವರಿಗೂ ಲೆಕ್ಕ ಗೊತ್ತು, ಚಿತ್ರ ಅಂದ್ರೆ ಏನೂ ಗೊತ್ತಿಲ್ಲ. ಹಾಳು ಫೋಟೋ ಸ್ಕ್ಯಾನ್ ಮಾಡಿ, ಮುಖ ಯಾಕೆ ಕಪ್ಪಗೆ ಬಂತು ಅಂತ ಯಂತ್ರಕ್ಕೆ ಬೈತಾರೆ. ಫೋಟೋ ತೆಗೆದವನಿಗೆ ಬೈಬೇಕು ಅಂತ ನಾನು ಹೇಳಿಕೊಟ್ಟೆ. ಈಗ ಇಲ್ಲಿ ಚಿತ್ರದ ವಿಷಯಕ್ಕೆ ನಾನೇ ದೊರೆ.

ಆದರೆ ತಂತಿಯಲ್ಲಿ ಹೋಗೋಕೆ ಚಿತ್ರವನ್ನ ಹಿಂಡಿ ಹಿಂಡಿ ಅಂಚೆಚೀಟಿಯಷ್ಟು ಮಾಡಬೇಕು. ಅಪ್ಪ ನೋಡಿದ್ರೆ ಎದೆ ಬಡ್ಕೊಳ್ತಿದ್ರು. ಚಿಕ್ಕಂದಿನಿಂದ ನಿಮ್ಮಿಬ್ಬರಿಗೂ ದೀಪ ಹಿಡ್ಕೊಂಡು ನಿಂತು ಬಂದದ್ದು ಈ ಬಲ್ಬು ಅನ್ನೋ ಹೆಸರು. ಇಲ್ಲಿ ಯಾರಿಗೂ ಹೇಳಿಲ್ಲ. ನೀನು ಲಕೋಟೆ ಮೇಲೆ ಬರೆದು ಮಾನ ಕಳೀಬೇಡ.

ನಿನ್ನ,
ಬಲ್ಬು


15 ಜುಲೈ 1996

ಬಲ್ಬೂ,

ಬದುಕಿದ್ದೀಯಲ್ಲ, ಸಾಕು. ಬೈಕೊಂಡು ಲಕೋಟೆ ಒಡೀಲಿಲ್ಲ, ಒಡೆದಾದ ಮೇಲೆ ಬೈದೆ. ಅಂಚೆಚೀಟಿಯಷ್ಟು ಚಿತ್ರ ತೋರಿಸೋಕೆ ಟೆಲಿಫೋನು, ಕಂಪ್ಯೂಟರು, ಆರು ಜನ ಗಂಡಾಳು! ಅಂಚೆಚೀಟಿಯನ್ನೇ ಕಳಿಸಿದ್ರೆ ಆಗ್ತಿರಲಿಲ್ವಾ?

ಇಲ್ಲಿ ಎಲ್ಲಾ ಇದ್ದ ಹಾಗೇ ಇದೆ. ನೀನು ಹೋದ ಮೇಲೆ ದೀಪಕ್ಕೆ ಸ್ಟ್ಯಾಂಡ್ ತಂದಿದ್ದೀನಿ. ಅದು ಆಕಳಿಸಲ್ಲ, ತಲೆ ಕೆರ್ಕೊಳಲ್ಲ. ನಿನ್ನೆ ಶಾಲಾ ಇನ್‌ಸ್ಪೆಕ್ಟರ್ ಬಂದಿದ್ದ. ಗಲ್ಲದ ಮೇಲಿನ ಗಂಟು ಕಾಣಬಾರದು ತಾಯಿ ಅಂದ. ನೆಗೆಟಿವ್ ಮೇಲೆ ಪೆನ್ಸಿಲ್ ತುದಿಯಲ್ಲಿ ನಲವತ್ತು ಚುಕ್ಕೆ ಇಟ್ಟೆ, ಗಂಟು ಮಾಯ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದೆಯಲ್ಲಮ್ಮ ಅಂದ. ಫೋಟೋದಿಂದ ತೆಗೆದಿದ್ದೀನಿ ಸ್ವಾಮಿ, ಗಲ್ಲದಲ್ಲಿರೋದನ್ನ ಡಾಕ್ಟರಿಗೆ ತೋರಿಸಿ ಅಂತ ಹೇಳಿ ಕಳಿಸಿದೆ.

ಪಕ್ಕದ ಅಂಗಡಿ ಟೈಲರಮ್ಮ ದಿನಾ ನಿನ್ನನ್ನ ಕೇಳ್ತಾಳೆ. ನಾನು ಕೇಳಲ್ಲ. ಕೇಳದೇ ಇದ್ರೂ ನೀನು ಬರೀಬೇಕು.

ಅಕ್ಕ


6 ಏಪ್ರಿಲ್ 1998

ಅಕ್ಕಾ,

ಮಹಡಿ ಮೇಲಿನ ಕೋಣೆ ಮುಚ್ಚಿದರು. ಆರು ಜನ ಆರು ದಿಕ್ಕು. ಗಾಬರಿ ಬೀಳಬೇಡ, ನನ್ನ ದಿಕ್ಕು ಚೆನ್ನಾಗಿದೆ. ಡಾಕ್ಟರುಗಳಿಗೋಸ್ಕರ ನಾನು ಮಾಡಿಕೊಟ್ಟ ಪುಟಗಳನ್ನ ನೋಡಿ ಒಂದು ಔಷಧ ಕಂಪನಿಯವರು ಕರ್ಕೊಂಡರು. ವೈದ್ಯಕೀಯ ಮಾಹಿತಿ ವಿಭಾಗ. ಕೆಲಸ ಏನು ಅಂದ್ರೆ, ಡಾಕ್ಟರುಗಳು ಹತ್ತು ಪುಟದಲ್ಲಿ ಬರೆದದ್ದನ್ನ ಹತ್ತು ಸಾಲಿಗೆ ಇಳಿಸೋದು. ಕೀಲುಬಾವು ಇರೋ ರೋಗಿಗೆ, ಅವನ ಮನೆಯವರಿಗೆ, ಓದೋಕೆ ಪುರುಸೊತ್ತಿಲ್ಲದ ಡಾಕ್ಟರಿಗೆ ಅರ್ಥ ಆಗೋ ಹಾಗೆ. ಜೊತೆಗೆ ಚಿತ್ರ. ಕ್ಯಾಮೆರಾ ಹಿಡಿಯೋನು, ಕಂಪ್ಯೂಟರ್ ತಿಳಿದೋನು, ನಾಲ್ಕು ಸಾಲು ನೆಟ್ಟಗೆ ಬರೆಯೋನು, ಮೂರೂ ಒಬ್ಬನೇ ಸಿಕ್ಕಿದ್ದು ಅವರ ಪುಣ್ಯ ಅಂತೆ. ಹಾಗಂತ ನನ್ನ ಮೇಲಿನವರೇ ಹೇಳಿದರು.

ಹೊಸ ಮಾತ್ರೆಯೊಂದನ್ನ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡ್ತಿದ್ದಾರೆ. ರೋಗಿಗಳ ಕೈ ಫೋಟೋ ತೆಗೀತಿದ್ದೀನಿ. ಮಾತ್ರೆಗೆ ಮುಂಚೆ ಒಂದು, ಹನ್ನೆರಡು ವಾರ ಆದ ಮೇಲೆ ಒಂದು. ಬೆರಳೆಲ್ಲ ಊದಿರುತ್ತೆ, ಮೇಜಿನ ಮೇಲೆ ನೆಟ್ಟಗೆ ಇಡೋಕೆ ನಾನೇ ಹಿಡ್ಕೊಂಡು ಸಹಾಯ ಮಾಡ್ತೀನಿ. ಮೊದಲನೇ ಸಲ ನಮ್ಮ ಕಸುಬು ಯಾರಿಗೋ ಉಪಯೋಗ ಆಗ್ತಿದೆ ಅನ್ನಿಸ್ತಿದೆ ಅಕ್ಕಾ. ಅಪ್ಪನಿಗೆ ಹೇಳಬೇಕಿತ್ತು.

ನಿನ್ನ ಅಕ್ಷರ ಯಾಕೋ ದಪ್ಪ ಆಗಿದೆ. ಪೆನ್ನು ಬದಲಾಯಿಸಿದೆಯಾ?

ನಿನ್ನ,
ಬಲ್ಬು


14 ಫೆಬ್ರವರಿ 1999

ಬಲ್ಬೂ,

ಪೆನ್ನು ಬದಲಾಯಿಸಿದೆಯಾ ಅಂತ ಹೋದ ವರ್ಷ ಕೇಳಿದ್ದೆ. ಬದಲಾಯಿಸಿಲ್ಲ ಕಣೋ. ವರ್ಷದಿಂದ ಮುಚ್ಚಿಟ್ಟಿದ್ದೆ, ಇನ್ನು ಆಗಲ್ಲ. ನನಗೂ ಅದೇ. ನೀನು ಫೋಟೋ ತೆಗೀತೀಯಲ್ಲ, ಆ ಕೈಗಳೇ. ಬೆಳಗ್ಗೆ ಎದ್ದರೆ ಬೆರಳು ಮುಷ್ಟಿ ಕಟ್ಟಲ್ಲ, ಬಿಸಿನೀರಲ್ಲಿ ಅರ್ಧ ಗಂಟೆ ಇಟ್ಟರೆ ಪೆನ್ಸಿಲ್ ಹಿಡಿಯುತ್ತೆ. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ವಾರಕ್ಕೊಂದು ದಿನ ನುಂಗಬೇಕು, ನುಂಗಿದ ಮಾರನೇ ದಿನ ಪೂರ್ತಿ ವಾಂತಿ. ಕೂದಲು ಬಾಚಣಿಗೆ ತುಂಬ ಬರುತ್ತೆ. ತಿಂಗಳಿಗೊಮ್ಮೆ ರಕ್ತ ಕೊಡಬೇಕು. ಆದರೂ ಬಿಡಬೇಡಿ, ಇದು ಮೂಳೆ ಕಾಯೋ ಮಾತ್ರೆ ಅಂತಾರೆ.

ಅಯ್ಯೋ ಪಾಪ ಅಂತ ಓಡಿಬರಬೇಡ. ಕೆಲಸ ನಿಂತಿಲ್ಲ. ನನಗೆ ಈ ಕೈ ಬಿಟ್ಟರೆ ಇನ್ನೇನೂ ಇಲ್ಲ. ಗಂಡ ಇಲ್ಲ, ಮಕ್ಕಳಿಲ್ಲ, ಪೆನ್ಸಿಲ್ ಇದೆ. ಅದು ಕೈಯಲ್ಲಿ ನಿಲ್ಲೋವರೆಗೂ ನಾನು ಯಾರ ಹಂಗಲ್ಲೂ ಇಲ್ಲ.

ಅಕ್ಕ


11 ಸೆಪ್ಟೆಂಬರ್ 1999

ಬಲ್ಬೂ,

ನಿನ್ನ ಇಂಟರ್ನೆಟ್ಟನ್ನ ಕೊನೆಗೂ ಕಣ್ಣಾರೆ ಕಂಡೆ. ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರ್ ಅಂಗಡಿ ಆಗಿದೆ. ಟೈಲರಮ್ಮನ ಜೊತೆ ಹೋಗಿ ನಿನ್ನ ಕಂಪನಿಯ ಪುಟ ತೆರೆಸಿದೆ. ಏನೋ ಅದು, ಚಿತ್ರ ಮೇಲಿನಿಂದ ಕೆಳಗೆ ಪಟ್ಟಿ ಪಟ್ಟಿಯಾಗಿ ಇಳಿಯುತ್ತೆ! ಮಣಿಕಟ್ಟು ಬಂದು ಉಗುರು ಬರೋ ಹೊತ್ತಿಗೆ ಟೈಲರಮ್ಮ ಹೊರಗೆ ಹೋಗಿ ಕಾಫಿ ಕುಡಿದು ಬಂದಳು.

ಎರಡು ಕೈ ಚಿತ್ರ. ಮುಂಚೆ, ಆಮೇಲೆ. ಕೆಳಗೆ ನಿನ್ನ ಹೆಸರು. ಮುಂಚಿನದು ಥೇಟ್ ನನ್ನ ಕೈ. ಆಮೇಲಿನದು ನನ್ನ ಹಳೇ ಕೈ. ಟೈಲರಮ್ಮ ಎದುರಿಗೇ ಅತ್ತುಬಿಟ್ಟೆ ಕಣೋ, ನಾಚಿಕೆಗೇಡು.

ನಿಮ್ಮ ಆ ಮಾತ್ರೆ ಈಗ ಅಂಗಡಿಗೆ ಬಂದಿದೆಯಲ್ಲ, ತಗೊಳ್ಳಬಹುದಾ ಅಂತ ಡಾಕ್ಟರನ್ನ ಕೇಳಿದೆ. ಹೊಸದು, ನನಗೆ ಅಷ್ಟು ಅನುಭವ ಇಲ್ಲ, ಚಿತ್ರ ನೋಡಿದರೆ ಚೆನ್ನಾಗೇ ಕಾಣುತ್ತೆ, ವಾಂತಿ ತಡೆಯೋಕೆ ಆಗದಿದ್ರೆ ಬದಲಾಯಿಸೋಣ, ನೀವೇ ಯೋಚನೆ ಮಾಡಿ ಅಂದರು. ನಾನೇನು ಯೋಚನೆ ಮಾಡಲಿ, ಮನೆಯಲ್ಲೇ ತಿಳಿದವನು ಇರೋವಾಗ? ಒಂದೇ ಮಾತು ಬರಿ. ಹಳೇದನ್ನ ಬಿಟ್ಟು ಇದನ್ನ ತಗೊಳ್ಳಲಾ, ಬೇಡ್ವಾ?

ಅಕ್ಕ


30 ಸೆಪ್ಟೆಂಬರ್ 1999

ಅಕ್ಕಾ,

ನಿನ್ನ ಕಾಗದ ಎರಡು ವಾರದಿಂದ ಮೇಜಿನ ಮೇಲಿದೆ. ಬರೆಯೋಕೆ ಕೂತಾಗೆಲ್ಲ ಏನೋ ಒಂದು ಕೆಲಸ.

ಕಂಪನಿಯವನಾಗಿ ನಾನು ಯಾವ ರೋಗಿಗೂ ತಗೋ ಅಂತಲೂ ಬಿಡು ಅಂತಲೂ ಹೇಳೋ ಹಾಗಿಲ್ಲ. ನಿಯಮ. ಒಬ್ಬೊಬ್ಬರ ಮೈ ಒಂದೊಂದು ಥರ, ಡಾಕ್ಟರು ಹೇಳಿದ ಹಾಗೆ ಕೇಳೋದು ಒಳ್ಳೇದು. ನೋವಿಗಂತೂ ಈ ಮಾತ್ರೆ ಒಳ್ಳೇದೇ. ಕಂಪ್ಯೂಟರಿನಲ್ಲಿ ಚಿತ್ರ ಸಣ್ಣದು, ಅದನ್ನ ನೆಚ್ಚಿಕೊಳ್ಳಬೇಡ. ದೊಡ್ಡದಾಗಿ ಅಚ್ಚಾದ ಪುಸ್ತಿಕೆ ಇದರ ಜೊತೆ ಕಳಿಸ್ತಿದ್ದೀನಿ. ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ನಿಧಾನಕ್ಕೆ ನೋಡು. ನಿನ್ನ ಕಣ್ಣಿಗಿಂತ ದೊಡ್ಡ ಡಾಕ್ಟರ್ ಯಾರಿದ್ದಾರೆ? ನಿನಗೆ ಏನು ಕಾಣುತ್ತೋ ಅದೇ ಸರಿ.

ಇಲ್ಲಿ ಎಲ್ಲಾ ಕ್ಷೇಮ.

ನಿನ್ನ ತಮ್ಮ


19 ಅಕ್ಟೋಬರ್ 1999

ಬಲ್ಬೂ,

ಪುಸ್ತಿಕೆ ಬಂತು. ಕಾಗದ ಏನು ನುಣುಪೋ! ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀಯಲ್ಲ ಅಂತ ಮೊದಲು ರೇಗಿತು. ಆಮೇಲೆ ಅರ್ಥ ಆಯ್ತು. ದೊಡ್ಡ ಕೆಲಸದಲ್ಲಿರೋನು, ನಿಯಮ ಮುರಿದು ತಗೋ ಅನ್ನೋಕಾಗಲ್ಲ, ಅದಕ್ಕೇ ನೀನೇ ನೋಡು ಅಂತ ಸನ್ನೆ ಮಾಡಿದ್ದೀಯ. ನಾನೇನು ದಡ್ಡಿಯೇ? ಭೂತಗನ್ನಡಿ ಹಾಕಿ ನೋಡಿದೆ. ಒಂದು ವಿಷಯ ಕಣ್ಣಿಗೆ ಚುಚ್ಚಿತು, ಬಿಡು, ಅದು ನಮ್ಮ ಕಸುಬಿನ ಹುಚ್ಚು. ಎದುರಿಗೆ ಸಿಕ್ಕಾಗ ಕೇಳ್ತೀನಿ.

ಹೋದ ವಾರ ಸೋಮವಾರ ಹೊಸ ಮಾತ್ರೆ ಶುರು ಮಾಡಿದೆ. ಹಳೇದಕ್ಕೆ ಕೈ ಮುಗಿದೆ. ಒಂದು ವಾರದಲ್ಲೇ ನೋವು ಅರ್ಧ ಇಳಿದಿದೆ, ವಾಂತಿ ಅನ್ನೋದೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನನಗೆ ನೋಡು, ಒಡಹುಟ್ಟಿದವನ ಕಡೆಯಿಂದಲೇ ಬಂತು.

ನಿನಗೋಸ್ಕರ ಒಂದು ಕೆಲಸ ಮಾಡ್ತಿದ್ದೀನಿ, ಈಗ ಹೇಳಲ್ಲ. ಮುಗಿದ ಮೇಲೆ ಕಳಿಸ್ತೀನಿ. ನಿನ್ನ ಮೇಲಿನವರು ಬಾಯಿ ಬಿಟ್ಕೊಂಡು ನೋಡಬೇಕು.

ಅಕ್ಕ


28 ಫೆಬ್ರವರಿ 2000

ತಮ್ಮಾ,

ಅಕ್ಟೋಬರಿನಿಂದ ನಾಲ್ಕು ಕಾಗದ ಬರೆದೆ. ಉತ್ತರ ಇಲ್ಲ. ಕೆಲಸ ಜಾಸ್ತಿ ಪಾಪ ಅಂದ್ಕೊಂಡಿದ್ದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಹೋದ ವಾರ ಪೆನ್ಸಿಲ್ ಬೆರಳಿಂದ ಜಾರಿತು. ಎತ್ಕೊಂಡೆ, ಮತ್ತೆ ಜಾರಿತು. ಡಾಕ್ಟರು ಎಕ್ಸ್‌ರೇ ತೆಗೆಸಿದರು. ಬಲಗೈಯ ಮೂರು ಬೆರಳಲ್ಲಿ ಕೀಲು ತಿಂದುಹೋಗಿದೆ. ಹುಳ ಹಿಡಿದ ಮರದ ಥರ ಕಾಣುತ್ತೆ. ನೋವು ಕಡಿಮೆ ಆಗಿತ್ತು, ಅದನ್ನೇ ಗುಣ ಅಂತ ನಂಬಿ ಕೂತಿದ್ದೆ. ಒಳಗೆ ಬಾವು ಒಂದು ಚೂರೂ ಇಳಿದಿರಲಿಲ್ಲ. ಹಳೇ ಮಾತ್ರೆ ಬಿಡಬಾರದಿತ್ತು ಅಂತ ಡಾಕ್ಟರು ತಲೆ ತಗ್ಗಿಸಿದರು. ಹೋದ ಮೂಳೆ ಬರಲ್ಲವಂತೆ.

ನಿನಗೋಸ್ಕರ ಮಾಡ್ತಿದ್ದೆ ಅಂದೆನಲ್ಲ, ಅದು ಇದು. ಪ್ರತಿ ಸೋಮವಾರ ಹತ್ತು ಗಂಟೆಗೆ ಈ ಕೈಯ ಫೋಟೋ. ಅದೇ ಮೇಜು, ಅದೇ ದೀಪ ಅದೇ ಪಕ್ಕಕ್ಕೆ, ದಾರದಲ್ಲಿ ಅಳೆದ ಅದೇ ದೂರ. ಗುಂಡಿ ಒತ್ತೋಳು ಟೈಲರಮ್ಮ. ಗುಣ ಆದ ಮೇಲೆ ಸಾಲಾಗಿ ಅಂಟಿಸಿ ಕಳಿಸೋಣ, ತಮ್ಮನಿಗೆ ಹೆಮ್ಮೆ ಆಗಲಿ ಅಂತಿದ್ದೆ. ನಿನ್ನೆ ಇಪ್ಪತ್ತೂ ಚಿತ್ರ ಸಾಲಾಗಿ ಇಟ್ಟೆ. ಮೊದಲನೇದಕ್ಕಿಂತ ಕೊನೇದು ಕೆಟ್ಟದಾಗಿದೆ.

ಆಮೇಲೆ ಏನು ಮಾಡಿದೆ ಗೊತ್ತಾ? ಪಕ್ಕದಲ್ಲಿದ್ದ ದೀಪ ಎತ್ತಿ ಕ್ಯಾಮೆರಾ ಮೇಲೆ ನೇರ ಎದುರಿಗೆ ಇಟ್ಟು, ಕ್ಯಾಮೆರಾ ಒಳಗಿಂದ ಕೈ ನೋಡಿದೆ. ಒಂದೇ ನಿಮಿಷದಲ್ಲಿ ಗುಣ ಆಯ್ತು ನನ್ನ ಕೈ! ಗಂಟಿಲ್ಲ, ಬಾವಿಲ್ಲ. ಕುಡಿದವನ ಥರ ನಕ್ಕೆ.

ಅಪ್ಪ ಏನು ಹೇಳಿಕೊಟ್ಟಿದ್ದರು? ಮದುವೆ ಹುಡುಗಿಗೆ ಎದುರು ಬೆಳಕು, ಏಟು ತಿಂದು ಕೋರ್ಟಿಗೆ ಹೋಗೋನಿಗೆ ಪಕ್ಕದ ಬೆಳಕು. ಎದುರು ಬೆಳಕು ಉಬ್ಬು ನುಂಗುತ್ತೆ, ಪಕ್ಕದ ಬೆಳಕು ಎತ್ತಿ ತೋರಿಸುತ್ತೆ. ನಿನ್ನ ಮೊದಲನೆಯ ಚಿತ್ರದಲ್ಲಿ ಒಂದೊಂದು ಬೆರಳಿನ ನೆರಳೂ ಮೇಜಿನ ಮೇಲೆ ಉದ್ದಕ್ಕೆ ಬಿದ್ದಿದೆ. ಎರಡನೆಯ ಚಿತ್ರದಲ್ಲಿ ನೆರಳಿಲ್ಲ. ಎಲ್ಲಿ ಹೋಯ್ತೋ ನೆರಳು?

ಉತ್ತರ ಬರಿ. ನಿಯಮ ಗಿಯಮ ಅಂದ್ರೆ ಕಾಗದ ವಾಪಸ್ ನಿನ್ನ ಮುಖಕ್ಕೇ ಬರುತ್ತೆ.

ಅಕ್ಕ


22 ಮಾರ್ಚ್ 2000

ತಮ್ಮಾ,

ನಿನ್ನ ಆರು ಪುಟ ಬಂತು. ಕೊನೆಯಲ್ಲಿ ಓದಿ ಹರಿದು ಹಾಕು ಅಂತ ಬರೆದಿದ್ದೀಯ. ಎರಡು ಸಲ ಓದಿ ಹರಿದೆ. ಬೆರಳು ಸಹಕರಿಸಲಿಲ್ಲ, ಹಲ್ಲಲ್ಲಿ ಕಚ್ಚಿ ಹರಿದೆ. ಆ ಕಾಗದ ಇಟ್ಕೊಂಡಿದ್ರೆ ನಿನ್ನ ಕುತ್ತಿಗೆ ನನ್ನ ಕೈಲಿರ್ತಿತ್ತು. ನನಗೆ ಅದು ಬೇಡ. ನೀನಾಗೇ ಹೇಳಬೇಕು.

ಏನು ಬರೆದಿದ್ದೆ ಅಂತ ನೀನು ಮರೆತರೂ ನಾನು ಮರೆತಿಲ್ಲ. ಮೊದಲ ಸಲ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕಿಟಕಿ ಇದ್ದ ಕೋಣೆ ಕೊಟ್ಟಿದ್ದರು. ಹನ್ನೆರಡು ವಾರ ಆದ ಮೇಲೆ ಕಿಟಕಿಯೇ ಇಲ್ಲದ ಕೋಣೆ, ಕ್ಯಾಮೆರಾ ತಲೆ ಮೇಲಿನ ಫ್ಲ್ಯಾಶು. ಬೇಕು ಅಂತ ಮಾಡಿದ್ದಲ್ಲ. ನಂಬ್ತೀನಿ. ಕಂಪ್ಯೂಟರಲ್ಲಿ ಚಿತ್ರ ನೋಡಿ ಹಿಂದೆ ನಿಂತಿದ್ದ ಡಾಕ್ಟರೂ ನಿನ್ನ ಮೇಲಿನವರೂ "ಅಬ್ಬಾ, ಇದೇ ಬೇಕಾಗಿದ್ದದ್ದು" ಅಂದರು. ದೀಪ ಪಕ್ಕಕ್ಕೆ ಎಳೆದು ಇನ್ನೊಂದು ತೆಗೀತೀನಿ ಅನ್ನೋ ಮಾತು ನಿನ್ನ ಬಾಯಿಗೆ ಬಂತು, ನುಂಗಿಬಿಟ್ಟೆಯಂತೆ. ಅದನ್ನೂ ನಂಬ್ತೀನಿ. ನಿನ್ನನ್ನ ಎತ್ತಿ ಆಡಿಸಿದವಳು, ನಿನ್ನ ಪುಕ್ಕಲುತನ ನನಗೆ ಹೊಸದಲ್ಲ.

ನೀನೂ ಇನ್‌ಸ್ಪೆಕ್ಟರ್ ಗಂಟು ತೆಗೆದಿರಲಿಲ್ವಾ ಅಂತ ಬೇರೆ ಕೇಳಿದ್ದೀಯ. ತೆಗೆದೆ. ಅವನ ಫೋಟೋ ಅವನ ಗೋಡೆ ಮೇಲಿದೆ. ಅದನ್ನ ನೋಡಿ ಯಾರೂ ಔಷಧಿ ಬಿಟ್ಟಿಲ್ಲ.

ಇನ್ನು ನಿನ್ನ ದೊಡ್ಡ ಮಾತು. ಅಕ್ಕನ ಕಣ್ಣಿಗೆ ಮೋಸ ಆಗಲ್ಲ, ಪುಸ್ತಿಕೆ ಕಳಿಸಿದರೆ ನೆರಳು ನೋಡಿ ತಾನೇ ತಿಳ್ಕೊಳ್ತಾಳೆ, ನಾನು ಬಾಯಿ ಬಿಡೋದು ತಪ್ಪುತ್ತೆ ಅಂದ್ಕೊಂಡೆಯಂತೆ. ಕೇಳು. ನೋಡಿದ್ದೆ ಕಣೋ. ಮೊದಲ ದಿನವೇ ನೋಡಿದ್ದೆ. ಎದುರಿಗೆ ಸಿಕ್ಕಾಗ ಕೇಳ್ತೀನಿ ಅಂದದ್ದು ಅದನ್ನೇ. ನೋಡಿ, ಇದು ಬೇರೆ ಯಾರೋ ತೆಗೆದಿದ್ರೆ ಮೋಸ ಅಂತಿದ್ದೆ, ತೆಗೆದೋನು ನನ್ನ ತಮ್ಮ, ಏನೋ ಕಾರಣ ಇರುತ್ತೆ ಅಂತ ಪುಸ್ತಿಕೆ ಮುಚ್ಚಿಟ್ಟೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ. ನಾನು ಕಣ್ಣಾರೆ ಕಂಡು ಕಣ್ಣನ್ನೇ ನಂಬಲಿಲ್ಲ, ನಿನ್ನನ್ನ ನಂಬಿದೆ. ನೀನು ನನ್ನ ಕಣ್ಣು ನಂಬಿ ಸುಮ್ಮನಾದೆ. ಚೆನ್ನಾಗಿದೆ ನಮ್ಮ ಮನೆತನ.

ಆಪರೇಷನ್ ಮಾಡಿಸ್ತೀನಿ ಬಾ ಅಂತೀಯ. ಬೇಡ. ಈ ಮಾತ್ರೆ ನುಂಗ್ತಿರೋ ಉಳಿದವರಿಗೆ ಕಂಪನಿಯಲ್ಲಿ ತಮ್ಮಂದಿರು ಯಾರೂ ಇಲ್ಲ. ಔಷಧ ಇಲಾಖೆಗೆ ನಾಲ್ಕು ಸಾಲು ಬರೆದು ನಿನ್ನ ಹೆಸರು ಹಾಕು. ಎರಡು ಚಿತ್ರಕ್ಕೂ ಬೆಳಕು ಬೇರೆ ಬೇರೆ ಇತ್ತು ಅಂತ. ಅಷ್ಟೇ. ಒಂದು ತಿಂಗಳು ಕಾಯ್ತೀನಿ.

ಅಕ್ಕ


18 ಏಪ್ರಿಲ್ 2000

ಅಕ್ಕ,

ಟೈಪ್ ಮಾಡಿದ್ದಕ್ಕೆ ಬೇಜಾರಾಗಬೇಡ, ಈಗೀಗ ಕೈಬರಹ ತಪ್ಪಿಹೋಗಿದೆ. ನಾನು ಮಾಡಲ್ಲ ಅಂತ ಹೇಳ್ತಿಲ್ಲ. ಸಮಯ ಸರಿ ಇಲ್ಲ ಅಂತಿದ್ದೀನಿ. ಮುಂದಿನ ತಿಂಗಳು ನನ್ನನ್ನು ವಿಭಾಗದ ಮುಖ್ಯಸ್ಥನನ್ನಾಗಿ ಮಾಡುತ್ತಾರೆ. ಆ ಕುರ್ಚಿಯಲ್ಲಿ ಕೂತರೆ ನನ್ನ ಮಾತಿಗೆ ತೂಕ ಬರುತ್ತದೆ. ಪುಸ್ತಿಕೆ ಹಿಂದಕ್ಕೆ ತರಿಸಿ, ಪುಟ ತೆಗೆಸಿ, ಸದ್ದಿಲ್ಲದೆ ಒಳಗಿನಿಂದಲೇ ಸರಿ ಮಾಡಬಹುದು. ಈಗ ಕೂಗಾಡಿದರೆ ನನ್ನನ್ನು ಬೀದಿಗೆ ಹಾಕುತ್ತಾರೆ, ಮಾತ್ರೆ ಮಾರಾಟ ಆಗುತ್ತಲೇ ಇರುತ್ತದೆ. ಯಾರಿಗೆ ಲಾಭ?

ಸ್ವಲ್ಪ ತಾಳು. ಹಳೆಯ ಮಾತ್ರೆ ತಪ್ಪಿಸಬೇಡ.

ನಿನ್ನ ತಮ್ಮ


1 ಜೂನ್ 2000

ತಿಂಗಳು ಮುಗಿದು ಇನ್ನೊಂದು ತಿಂಗಳೂ ಮುಗೀತು. ಬಸ್ ನಿಲ್ದಾಣದ ಹಿಂದೆ ಹೋಗಿ ನೋಡಿದೆ, ಪುಟ ಇದ್ದ ಹಾಗೇ ಇದೆ, ಮುಖ್ಯಸ್ಥರು ಅಂತ ನಿನ್ನ ಹೆಸರು ಮಾತ್ರ ಹೊಸದು. ಇನ್ನು ನನ್ನ ಕೆಲಸ ನಾನು ಮಾಡ್ತೀನಿ. ಕುರ್ಚಿ ಸಿಕ್ಕಿದ್ದಕ್ಕೆ ಸಂತೋಷ.

ಅಕ್ಕ


14 ಆಗಸ್ಟ್ 2000

ಪ್ರೀತಿಯ ಅಕ್ಕನಿಗೆ,

ಹೇಗಿದ್ದೀಯ? ಕೈ ಹೇಗಿದೆ? ಇಲ್ಲೊಬ್ಬರು ಒಳ್ಳೆಯ ಶಸ್ತ್ರವೈದ್ಯರಿದ್ದಾರೆ, ಬೆರಳಿನ ಕೀಲು ಬದಲಾಯಿಸುವುದರಲ್ಲಿ ಎತ್ತಿದ ಕೈ. ಅವರ ಹತ್ತಿರ ಮಾತಾಡಿದ್ದೇನೆ. ಸ್ಟುಡಿಯೋ ಮುಚ್ಚಿ ಬಂದುಬಿಡು. ನನ್ನ ಮನೆಯಲ್ಲಿ ನಿನಗೊಂದು ಕೋಣೆ ಇದೆ, ಬಿಸಿಲು ಚೆನ್ನಾಗಿ ಬರುತ್ತದೆ.

ಒಂದು ಮಾತು. ನಮ್ಮಿಬ್ಬರ ನಡುವಿನದನ್ನು ಮೂರನೆಯವರ ಮುಂದೆ ಹಾಕಿದರೆ ನಗುವವರೇ ಹೆಚ್ಚು. ಇನ್ನು ಮುಂದೆ ಯಾವ ಕಾಗದಕ್ಕಾದರೂ ಸಹಿ ಹಾಕುವ ಮುಂಚೆ ನನಗೆ ತಿಳಿಸು. ನಾನು ಏನು ಮಾಡಿದರೂ ನಿನ್ನ ಒಳ್ಳೆಯದಕ್ಕೇ ಮಾಡಿದೆ ಅಂತ ತಿಳಿ.

ನಿನ್ನ ಬಲ್ಬು


5 ಸೆಪ್ಟೆಂಬರ್ 2000

ತಮ್ಮನಿಗೆ,

ಇದು ಟೈಲರಮ್ಮನ ಅಕ್ಷರ. ಬೆರಳು ಈಗ ಪೆನ್ನೂ ಹಿಡಿಯಲ್ಲ. ನಾನು ಹೇಳಿದ್ದನ್ನ ಹೇಳಿದ ಹಾಗೇ ಬರಿ, ನಡುನಡುವೆ ಮೆತ್ತಗೆ ಮಾಡಬೇಡ ಅಂತ ಹೇಳಿ ಕೂರಿಸಿದ್ದೀನಿ.

ನಿನ್ನ ಪ್ರೀತಿಯ ಕಾಗದ ಓದಿ ಒಂದು ದಿನ ಕರಗಿದ್ದೆ. ಸುಳ್ಳು ಯಾಕೆ ಹೇಳಲಿ. ಬಿಸಿಲು ಬರೋ ಕೋಣೆ ಅಂದೆಯಲ್ಲ, ಪೆಟ್ಟಿಗೆ ಕೆಳಗಿಳಿಸಿ ಧೂಳು ಕೂಡ ಒರೆಸಿದೆ. ಟೈಲರಮ್ಮ ಸಾಕ್ಷಿ. ಮಾರನೇ ದಿನ ಔಷಧ ಇಲಾಖೆಯಿಂದ ದಪ್ಪ ಲಕೋಟೆ ಬಂತು.

ಜೂನಿನಲ್ಲಿ ನಾನು ದೂರು ಕೊಟ್ಟಿದ್ದೆ. ನನ್ನ ಇಪ್ಪತ್ತು ಸೋಮವಾರದ ಚಿತ್ರ, ಎಕ್ಸ್‌ರೇ, ನಿಮ್ಮ ಪುಸ್ತಿಕೆ. ನಿನ್ನ ಹರಿದ ಕಾಗದದ ವಿಷಯ ಒಂದಕ್ಷರ ಎತ್ತಲಿಲ್ಲ. ಅವರು ನನ್ನ ಹೆಸರು ಮುಚ್ಚಿ ಕಂಪನಿಗೆ ಕಳಿಸಿ ಉತ್ತರ ಕೇಳಿದ್ದಾರೆ. ಆ ಉತ್ತರದ ಪ್ರತಿ ನನಗೂ ಬಂದಿದೆ. ಟೈಲರಮ್ಮ ನೋಡಿಕೊಂಡು ಬರೀತಿದ್ದಾಳೆ:

"ಸಲ್ಲಿಸಲಾದ ಛಾಯಾಚಿತ್ರಗಳು ತರಬೇತಿಯಿಲ್ಲದ ವ್ಯಕ್ತಿ ತೆಗೆದಂತೆ ಕಾಣುತ್ತವೆ. ಬೆಳಕಿನ ದಿಕ್ಕಿನಲ್ಲಿಯೂ ದೂರದಲ್ಲಿಯೂ ಏಕರೂಪತೆ ಇಲ್ಲ. ಇವುಗಳನ್ನು ಸಾಕ್ಷ್ಯವೆಂದು ಪರಿಗಣಿಸಲಾಗದು."

ಕೆಳಗೆ ಸಹಿ, ಮಾಹಿತಿ ವಿಭಾಗದ ಮುಖ್ಯಸ್ಥರು. ಆಗಸ್ಟ್ ಹತ್ತನೇ ತಾರೀಕು. ನನಗೆ ಪ್ರೀತಿಯ ಕಾಗದ ಬರೆಯೋಕೆ ನಾಲ್ಕು ದಿನ ಮುಂಚೆ.

ತರಬೇತಿ ಇಲ್ಲದೋಳು ಅಂದ್ರೆ ನಾನಾ ಅಂತ ಟೈಲರಮ್ಮ ಕೇಳ್ತಿದ್ದಾಳೆ. ನೀನಲ್ಲ, ನಾನು ಅಂದೆ.

ಹೆಸರು ಮುಚ್ಚಿದ್ರೆ ಕೈ ಮುಚ್ಚುತ್ತೇನೋ? ಅಮ್ಮ ಹೋದ ಮೇಲೆ ನಿನಗೆ ಊಟ ಮಾಡಿಸಿದ್ದು, ಶಾಲೆಗೆ ತಲೆ ಬಾಚಿ ಕಳಿಸಿದ್ದು ಈ ಕೈ. ಇಪ್ಪತ್ತು ಚಿತ್ರ ಮುಂದೆ ಇಟ್ಕೊಂಡು, ಇದು ಯಾರ ಕೈ ಅಂತ ಗೊತ್ತಿದ್ದು, ಪೆನ್ನು ತೆಗೆದು ಬರೆದಿದ್ದೀಯ. ನನ್ನ ಒಳ್ಳೇದಕ್ಕೆ! ಮೂವತ್ತು ವರ್ಷ ನಾನು ಹೊಟ್ಟೆ ಹೊರೆದದ್ದು ಬೆಳಕು ನೋಡಿ. ನೀನು ಈ ಕುರ್ಚಿಯವರೆಗೆ ಹತ್ತಿದ್ದು ನಾನು ಹೇಳಿಕೊಟ್ಟ ಬೆಳಕು ನೋಡಿ. ಬೆರಳು ಹೋದದ್ದಕ್ಕೆ ನಿನ್ನನ್ನ ಕ್ಷಮಿಸೋಕೆ ಎಲ್ಲೋ ಒಂದು ದಾರಿ ಹುಡುಕ್ತಿದ್ದೆ ಕಣೋ. ರೋಗ, ಪುಕ್ಕಲುತನ, ಏನೋ ಒಂದು ಹೆಸರು ಕೊಟ್ಟು. ಇದಕ್ಕೆ ಹುಡುಕಲ್ಲ.

ಟೈಲರಮ್ಮ ಅಳ್ತಿದ್ದಾಳೆ, ಕಣ್ಣು ಒರೆಸ್ಕೊಂಡು ಬರಿ ಅಂದೆ.

ಇಲಾಖೆಯವರು ಇಪ್ಪತ್ತನೇ ತಾರೀಕು ಬೆಳಗ್ಗೆ ಹನ್ನೊಂದಕ್ಕೆ ಕರೆದಿದ್ದಾರೆ. ಈ ಮಾತ್ರೆ ನುಂಗಿದ ಇನ್ನೂ ಏಳು ಜನ ದೂರು ಕೊಟ್ಟಿದ್ದಾರಂತೆ. ಫೋಟೋ ಸಾಲದು, ಕೈಯನ್ನೇ ನೋಡ್ತೀವಿ ಅಂದರು. ಎಂಟು ಜನವೂ ಮೇಜಿನ ಮೇಲೆ ಕೈ ಇಟ್ಟು ಕೂರಬೇಕು. ಎದುರುಗಡೆ ಕಂಪನಿಯ ಪರವಾಗಿ ಯಾರು ಕೂರ್ತಾರೆ ಅಂತ ಫೋನ್ ಮಾಡಿ ಕೇಳಿದೆ. ಮಾಹಿತಿ ವಿಭಾಗದ ಮುಖ್ಯಸ್ಥರು ಅಂದರು.

ಮೈ ಸರಿ ಇಲ್ಲ ಅಂತ ಇನ್ಯಾರನ್ನೋ ಕಳಿಸಬೇಡ. ನೀನೇ ಬಾ.

ಅಕ್ಕ